ಪ್ರತಿಕ್ರಿಯೆ: ಬಡಾವಣೆಯ ಸಸಿ ಮಾರಾಟದಲ್ಲಿ ಅರ್ಧ ಸಸಿ ಉಳಿದದ್ದು

ನಿಮ್ಮ ಬಡಾವಣೆಯ ಸಸಿ ಮಾರಾಟಕ್ಕೆ ತಂದ 300 ಸಸಿಯಲ್ಲಿ ಅರ್ಧ ಉಳಿದು ಒಣಗಿದವು, ಜನರ ಉದಾಸೀನವೇ ಕಾರಣ ಎಂದು ಬರೆದಿದ್ದೀರಿ. ಕಾರಣ ಬಹುಶಃ ಸಸಿಗಳ ಆಯ್ಕೆ, ಜನರ ಉದಾಸೀನವಲ್ಲ. ನೀವು ತಂದದ್ದು ಹೊಂಗೆ, ಬೇವು, ಮಹಾಗನಿ. 30x40 ಸೈಟಿನವರು ಅವನ್ನು ಎಲ್ಲಿ ನೆಡಬೇಕು, ಹೇಳಿ? ನಮ್ಮಲ್ಲೂ ಮೊದಲ ವರ್ಷ ಹೀಗೇ ಆಗಿತ್ತು.

ಈ ಸಲ ಮೊದಲು ಮನೆ ಮನೆಗೆ ಹೋಗಿ, ಯಾವ ಗಿಡ ಬೇಕು, ಜಾಗ ಎಷ್ಟಿದೆ ಎಂದು ಬರೆದುಕೊಳ್ಳಿ. ಹತ್ತೋ ಇಪ್ಪತ್ತೋ ರೂಪಾಯಿ ಮುಂಗಡ ತಗೊಳ್ಳಿ. ಸುಮ್ನೆ ಹೆಸರು ಕೊಟ್ಟವರು ಜಾಸ್ತಿ ಜನ ಬರುವುದಿಲ್ಲ. ಕರಿಬೇವು, ನುಗ್ಗೆ, ಸೀಬೆ, ನಿಂಬೆ ಕೇಳುವವರೇ ಹೆಚ್ಚು ಸಿಗುತ್ತಾರೆ.

ಆಮೇಲೆ ಆ ಪಟ್ಟಿ ಹಿಡಿದು ಹತ್ತಿರದ ಅರಣ್ಯ ಇಲಾಖೆಯ ನರ್ಸರಿಗೆ ಹೋಗಿ. ಅಲ್ಲಿ ರಿಯಾಯಿತಿ ದರ, ಚೀಲದ ಅಳತೆಯ ಮೇಲೆ ಬೆಲೆ. ಪ್ರತಿ ಚೀಲ ಎತ್ತಿ ತಳ ನೋಡಿ. ಬೇರು ತೂತಿನಿಂದ ಹೊರಬಂದು ಸುರುಳಿ ಸುತ್ತಿದ್ದರೆ ಅದು ಬೇಡ.

ದಿನಾಂಕವನ್ನೂ ಬದಲಿಸಿ. ನೀವು ಮಾರಾಟ ಇಟ್ಟುಕೊಂಡದ್ದು ಜೂನ್ 5, ಪರಿಸರ ದಿನದಂದು; ಆ ಹೊತ್ತಿಗೆ ನಿಮ್ಮ ಕಡೆ ಮಳೆ ಹಿಡಿದಿರುತ್ತೆ ಅಂತ ಖಚಿತವಾಗಿ ಹೇಳಲಾಗದು. ಜುಲೈ ಮೊದಲ ವಾರ, ವನಮಹೋತ್ಸವದ ಹೊತ್ತಿಗೆ ಇಟ್ಟುಕೊಳ್ಳಿ. ಪಾರ್ಕಿನಲ್ಲಿ ನೆಡಲು ಪಾಲಿಕೆಯ ಒಪ್ಪಿಗೆಯನ್ನು ಈಗಲೇ ಕೇಳಿಟ್ಟರೆ ಉಳಿದ ಸಸಿಗಳನ್ನು ಅವತ್ತೇ ನೆಟ್ಟುಬಿಡಬಹುದು.