ಆ ಪರಿಮಳ ನಿಮ್ಮ ಕಲ್ಪನೆಯಲ್ಲ

(ಸಾಗರ ತಾಲೂಕಿನ ತವರು, ಹುಬ್ಬಳ್ಳಿಯಲ್ಲಿ ಸಂಸಾರ ಇರುವ ಓದುಗರೊಬ್ಬರು ಬರೆದಿದ್ದಾರೆ: "ಪೇಟೆಯಲ್ಲಿ ಅಪ್ಪೆಮಿಡಿ ಎಂದು ಕೊಟ್ಟಿದ್ದನ್ನು ತಂದು ಅಮ್ಮ ಹಾಕುತ್ತಿದ್ದ ಹಾಗೇ ಉಪ್ಪಿನಕಾಯಿ ಹಾಕಿದೆ. ಮೂರು ತಿಂಗಳಿಗೆ ಮೆತ್ತಗಾಯಿತು, ಪರಿಮಳವೂ ಇಲ್ಲ. 'ನೀನು ಹುಡುಕುತ್ತಿರುವುದು ಮಿಡಿಯನ್ನಲ್ಲ, ಬಾಲ್ಯವನ್ನು' ಎನ್ನುತ್ತಾರೆ ನಮ್ಮ ಯಜಮಾನರು. ನಿಜವೇ? ತವರಿನ ಹೊಳೆಬದಿಯ ಅಪ್ಪೆಮರ ಕಳೆದ ಮಳೆಗಾಲದಲ್ಲಿ ಅರ್ಧ ಸೀಳಿ ಬಿತ್ತು. ಉಳಿದದ್ದನ್ನು ಕಡಿಸಿಬಿಡುತ್ತೇನೆ ಅಂತಿದ್ದಾನೆ ಅಣ್ಣ.")

ಸೋದರಿ, ನಮಸ್ಕಾರ.

ನಿಮ್ಮ ಪತ್ರದ ಕೊನೆಯ ಸಾಲು ಓದಿ ಎದೆ ಧಸಕ್ಕೆಂದಿತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಯಜಮಾನರ ಮಾತು. ಅವರ ಮೇಲೆ ಗೌರವವಿಟ್ಟೇ ಹೇಳುತ್ತೇನೆ, ಈ ವಿಷಯದಲ್ಲಿ ಅವರ ಮಾತು ಸರಿಯಲ್ಲ. ಹಿಂಗಾರಿಯ ಮಾಲ್ದಂಡಿ ಬಿಳಿಜೋಳದ ರೊಟ್ಟಿಗೂ ಮುಂಗಾರಿನ ಹೈಬ್ರಿಡ್ ಜೋಳದ ರೊಟ್ಟಿಗೂ ಇರುವ ವ್ಯತ್ಯಾಸ ಅವರಿಗೆ ಕಣ್ಣು ಮುಚ್ಚಿ ತಿಂದರೂ ಗೊತ್ತಾಗುತ್ತದೆ. ಅದನ್ನು ಬಾಲ್ಯದ ನೆನಪು ಎಂದರೆ ಅವರು ಒಪ್ಪುತ್ತಾರೆಯೇ? ಕಾಳು ಬೇರೆ, ಅದಕ್ಕೇ ರುಚಿ ಬೇರೆ. ನಿಮ್ಮ ಮಿಡಿಯ ಕತೆಯೂ ಅಷ್ಟೇ.

ಉಪ್ಪಿನಕಾಯಿಗೆಂದೇ ಎಳೆಯದರಲ್ಲಿ ಕೊಯ್ಯುವ ಮಾವು ಈ ಅಪ್ಪೆ. ಅದರ ಪರಿಮಳವೆಲ್ಲ ಸೊನೆಯದು. ಮಾವಿನ ಸೊನೆಯಲ್ಲಿ ನೀರಿನಂಶದ ಜೊತೆ ಎಣ್ಣೆಯಂಶವೂ ಇದೆ. ಆ ಎಣ್ಣೆಯಲ್ಲಿರುವ ಟರ್ಪೀನ್ ಎಂಬ ಸುವಾಸನೆಯ ದ್ರವ್ಯಗಳು ಮರದಿಂದ ಮರಕ್ಕೆ ಬೇರೆಯಾಗುವುದರಿಂದಲೇ ಒಂದು ಮರದ ಮಿಡಿ ಜೀರಿಗೆಯ ಹಾಗೆ, ಇನ್ನೊಂದರದ್ದು ಕರ್ಪೂರದ ಹಾಗೆ ಘಮಗುಡುತ್ತದೆ. ಈ ಸೊನೆ ಮಿಡಿಯ ಸಿಪ್ಪೆಯ ಸಣ್ಣ ನಾಳಗಳಲ್ಲಿ ಒತ್ತಡದಲ್ಲಿ ತುಂಬಿಕೊಂಡಿರುತ್ತದೆ. ತೊಟ್ಟು ಮುರಿದರೆ ಚಿಮ್ಮಿ ಹೊರಗೆ ಹೋಗುತ್ತದೆ. ನಮ್ಮ ಅಜ್ಜಿ, ಅಮ್ಮಂದಿರು ತೊಟ್ಟಿಲ್ಲದ ಮಿಡಿಯನ್ನು ಭರಣಿಯ ಹತ್ತಿರಕ್ಕೂ ಬಿಟ್ಟುಕೊಳ್ಳುತ್ತಿರಲಿಲ್ಲವಲ್ಲ, ಅದಕ್ಕೆ ಕಾರಣ ಇದೇ.

ನೀವು ತಂದ ಮಿಡಿಗೆ ತೊಟ್ಟಿತ್ತೇ? ಪತ್ರದಲ್ಲಿ ಬರೆದಿಲ್ಲ. ಇರಲಿಲ್ಲವೆಂದೇ ನನ್ನ ಊಹೆ. ಕೊಂಬೆ ಕುಲುಕಿ ನೆಲಕ್ಕೆ ಉದುರಿಸಿದ ಮಿಡಿಗೆ ಒಳಗೇ ಪೆಟ್ಟು ಬಿದ್ದಿರುತ್ತದೆ. ಅಂಥದ್ದು ಉಪ್ಪಿನಲ್ಲಿ ಚಿರುಟುವ ಬದಲು ಕೊಳೆಯುತ್ತದೆ. ಕೊಕ್ಕೆಗೆ ಬಲೆ ಕಟ್ಟಿ, ತೊಟ್ಟಿನ ಸಮೇತ ಕೊಯ್ದು, ಬುಟ್ಟಿಯಲ್ಲಿಟ್ಟು ಹಗ್ಗದಲ್ಲಿ ಇಳಿಸಿದ ಮಿಡಿಯೇ ಆಗಬೇಕು. ಗೊರಟು ಬಲಿತಿರಬಾರದು. ನಮ್ಮ ಮನೆಯ ಲೆಕ್ಕ ನಾಲ್ಕು ಸೇರು ಮಿಡಿಗೆ ಒಂದು ಸೇರು ಹರಳುಪ್ಪು. ನೀರಿನ ಪಸೆ ಒಂದಿಷ್ಟೂ ಇಲ್ಲದಂತೆ ಒರೆಸಿ, ಒಂದು ಪದರ ಮಿಡಿ, ಒಂದು ಪದರ ಉಪ್ಪು. ಎಂಟು ಹತ್ತು ದಿನಕ್ಕೆ ಚಿರುಟಿದ ಮೇಲೆ ಅದೇ ಉಪ್ಪುನೀರು ಕುದಿಸಿ, ಪೂರ್ತಿ ಆರಿಸಿ, ಅದರಲ್ಲೇ ಒಣಮೆಣಸು, ಸಾಸಿವೆ, ಅರಿಶಿನ ಬೀಸಿ ಬೆರೆಸುವುದು. ಉಪ್ಪು ಹೆಚ್ಚಾಯಿತೆಂದು ಇತ್ತೀಚೆಗೆ ಎಲ್ಲರೂ ಕಡಿಮೆ ಮಾಡುತ್ತಾರೆ. ತಿನ್ನುವಾಗ ಅರ್ಧ ಮಿಡಿ ತಿನ್ನಿ, ಭರಣಿಯಲ್ಲಿ ಮಾತ್ರ ಉಪ್ಪು ಕಡಿಮೆ ಮಾಡಬೇಡಿ.

ಆದರೆ ಇದೆಲ್ಲ ಸರಿಯಿದ್ದರೂ ನೀವು ಹುಡುಕುವ ಪರಿಮಳ ಸಿಗದೇ ಹೋಗಬಹುದು. ಅಪ್ಪೆಮಿಡಿ ಅನ್ನುವುದು ಒಂದು ತಳಿಯ ಹೆಸರಲ್ಲ. ಅನಂತಭಟ್ಟನ ಅಪ್ಪೆ, ಮಾಳಂಜಿ, ಹಳದೋಟ, ಕರ್ಣಕುಂಡಲ, ಜೀರಿಗೆ ಎಂದು ಊರಿಗೊಂದು, ಹೊಳೆಗೊಂದು ಹೆಸರು. ಶರಾವತಿ, ಅಘನಾಶಿನಿ, ಬೇಡ್ತಿ, ವರದಾ ದಂಡೆಗಳಲ್ಲಿ ತಾವಾಗಿ ಹುಟ್ಟಿ ಬೆಳೆದ ಮರಗಳಿವು. ಮಾವು ಪರಕೀಯ ಪರಾಗಸ್ಪರ್ಶದ್ದು, ಅಂದರೆ ಒಂದು ಮರದ ಹೂವಿಗೆ ಇನ್ನೊಂದು ಮರದ ಪರಾಗ ಸೇರಿ ಕಾಯಿ ಕಚ್ಚುತ್ತದೆ. ಒಳ್ಳೆಯ ಅಪ್ಪೆಯ ಗೊರಟು ಹಾಕಿದರೆ ಹುಟ್ಟುವ ಗಿಡ ಅಪ್ಪೆಯೇ ಆಗುತ್ತದೆಂಬ ಭರವಸೆಯಿಲ್ಲ. ಹಾಗಾಗಿ ಕಸಿ ಕಟ್ಟಿ ಉಳಿಸಿಕೊಳ್ಳದ ಒಂದು ಮರ ಹೋಯಿತೆಂದರೆ ಆ ಪರಿಮಳ ಲೋಕದಲ್ಲಿ ಇನ್ನೆಲ್ಲೂ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತಾಗ ಶರಾವತಿ ಕಣಿವೆಯ ಊರುಗಳ ಜೊತೆ ದಂಡೆಯ ಕಾಡೂ ಮುಳುಗಿತು. ಅದರೊಳಗೆ ಎಷ್ಟು ಹೆಸರಿನ ಅಪ್ಪೆಗಳು ಹೋದವೋ! ಉಳಿದ ಮರಗಳಿಗೆ ಈಗ ಕತ್ತಿಯ ಕಾಟ. ಹತ್ತುವ ಶ್ರಮ ಉಳಿಸಲು ಕೊಂಬೆಯನ್ನೇ ಕಡಿದುರುಳಿಸಿ ಮಿಡಿ ಬಿಡಿಸಿಕೊಳ್ಳುತ್ತಾರೆ. ಭೌಗೋಳಿಕ ಸೂಚಕದ ಮಾನ್ಯತೆ ಅಪ್ಪೆಮಿಡಿಗೆ ಸಿಕ್ಕಿದ್ದು ಸಂತೋಷ. ಆದರೆ ಅದು ಕಾಯುವುದು ಹೆಸರನ್ನು. ಮರವನ್ನು ಮನೆಯವರೇ ಕಾಯಬೇಕು.

ಸಿದ್ದಾಪುರದ ನಮ್ಮ ಮನೆಯ ಹಿಂದೆಯೂ ಒಂದಿತ್ತು. ಏಪ್ರಿಲ್ ಬಿಸಿಲಿಗೆ ಅಮ್ಮ ಅದರ ಕಾಯಿ ಬೇಯಿಸಿ ಕಿವುಚಿ, ನೀರು, ಉಪ್ಪು, ಚೂರು ಬೆಲ್ಲ ಹಾಕಿ, ತೆಂಗಿನೆಣ್ಣೆಯಲ್ಲಿ ಸಾಸಿವೆ, ಇಂಗು, ಸೂಜಿಮೆಣಸಿನ ಒಗ್ಗರಣೆ ಕೊಟ್ಟರೆ ಅಪ್ಪೆಹುಳಿ. ಊಟದ ಕೊನೆಗೆ ಎರಡು ಲೋಟ ಕುಡಿದು ಜಗಲಿಯಲ್ಲಿ ಮಲಗಿದರೆ ಎದ್ದೇಳುವುದು ಕೊಟ್ಟಿಗೆಗೆ ದನ ಬರುವ ಹೊತ್ತಿಗೆ. ಮರ ಒಣಗತೊಡಗಿದಾಗ ಕಸಿ ಕಟ್ಟಿಸೋಣ ಎಂದುಕೊಂಡೆ. ಮುಂದಿನ ವರ್ಷ ನೋಡಿದರಾಯಿತು ಎಂದೆ. ಮುಂದಿನ ವರ್ಷ ಚಿಗುರೇ ಬರಲಿಲ್ಲ. ಆ ತಪ್ಪು ನನ್ನದು. ಇಂದಿಗೂ ಅದರ ನೋವಿದೆ.

ಅದಕ್ಕೇ ಕೇಳಿಕೊಳ್ಳುತ್ತೇನೆ, ಇವತ್ತೇ ಅಣ್ಣನಿಗೆ ಫೋನು ಮಾಡಿ. ಸೀಳಿದ ಮರದ ಉಳಿದರ್ಧ ಹಸಿರಾಗಿದ್ದರೆ ಅಷ್ಟೇ ಸಾಕು. ಮೂರ್ನಾಲ್ಕು ತಿಂಗಳು ಬಲಿತ, ಪೆನ್ಸಿಲ್ ಗಾತ್ರದ ತುದಿಕಡ್ಡಿ ಗುರುತು ಮಾಡಿಸಿ. ಕತ್ತರಿಸುವ ಎಂಟು ಹತ್ತು ದಿನ ಮೊದಲು ಎಲೆಗಳನ್ನು ಸವರಿ ತೊಟ್ಟು ಮಾತ್ರ ಬಿಟ್ಟರೆ ತುದಿಮೊಗ್ಗು ಉಬ್ಬಿಕೊಳ್ಳುತ್ತದೆ. ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಬಾಳೆಪಟ್ಟೆ ಕಟ್ಟಿದರೆ ಒಂದೆರಡು ದಿನದ ಪ್ರಯಾಣಕ್ಕೆ ಅಡ್ಡಿಯಿಲ್ಲ. ಮಳೆಗಾಲ ಹಿಡಿದ ಹೊಸತರಲ್ಲಿ ಕಸಿ ಚೆನ್ನಾಗಿ ಹತ್ತುತ್ತದೆ. ಸಾಗರ, ಶಿರಸಿ ಕಡೆ ಅಪ್ಪೆ ಕಸಿ ಬಲ್ಲ ನರ್ಸರಿಯವರು ಇದ್ದಾರೆ, ಅಣ್ಣನಿಗೆ ವಿಚಾರಿಸಲು ಹೇಳಿ. ಒಂದೇ ಕಡ್ಡಿ ನಂಬಬೇಡಿ, ಹತ್ತು ಕಟ್ಟಿಸಿ.

ಹತ್ತರಲ್ಲಿ ಒಂದು ಗಿಡ ನನಗೆ ಕೊಡುವಿರಾ? ಸಿದ್ದಾಪುರದ ಹಿತ್ತಿಲಲ್ಲಿ ಆ ಜಾಗ ಇನ್ನೂ ಖಾಲಿ ಇದೆ. ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.

– ಸಂಪಾದಕ