ಬೆಂಗಳೂರಿನ ಕಸದ ಭಾರ ಹೊತ್ತವರು ಯಾರು?

ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗ ಎದ್ದ ಗಲಾಟೆ ಬಿಟ್ಟರೆ, ಬೆಂಗಳೂರಲ್ಲಿ ಮಾಲಿನ್ಯದ ವಿರುದ್ಧ ದೊಡ್ಡ ಹೋರಾಟ ನಡೆದಿದೆಯಾ ಎಂದು ಕೇಳಿದ್ದೀರಿ. ನಡೆದಿದೆ. ನನ್ನ ಪ್ರಕಾರ ನಗರದ ಹೊರಗಿನ ಎರಡು ಹಳ್ಳಿಗಳಾದ ಮಾವಳ್ಳಿಪುರ ಮತ್ತು ಮಂಡೂರಿನ ಜನ ಮಾಡಿದ್ದೇ ಎಲ್ಲಕ್ಕಿಂತ ದೊಡ್ಡದು.

ಬೆಳ್ಳಂದೂರಿನದು ಎಲ್ಲರಿಗೂ ಗೊತ್ತಿರೋದೇ. ಶುದ್ಧ ಮಾಡದ ಕೊಳಚೆ ನೀರು, ಅದರಲ್ಲಿ ಸೋಪಿನ ಪುಡಿಯ ರಾಸಾಯನಿಕ, ರಸ್ತೆಗೆ ಹಾರುವ ನೊರೆ. 2015ರಲ್ಲಿ ಬೆಂಕಿ, 2017ರಲ್ಲಿ ಮತ್ತೆ ಬೆಂಕಿ. ಪರಿಸರದ ಪ್ರಕರಣಗಳನ್ನು ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು, 2018ರಲ್ಲಿ ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ ದಂಡ ಹಾಕಿತು. ಆ ಕೆರೆಯ ಸುತ್ತ ಅಪಾರ್ಟ್‌ಮೆಂಟ್‌ಗಳಿದ್ದವು, ಐಟಿ ಕಂಪನಿಗಳಿದ್ದವು. ಟಿವಿಯವರು ಬೇಗ ಬಂದರು.

ಈ ಎರಡು ಹಳ್ಳಿಗಳಿಗೆ ಅಷ್ಟು ಬೇಗ ಯಾರೂ ಹೋಗಲಿಲ್ಲ. ನಗರದ ಲಾರಿಗಳು ವರ್ಷಗಟ್ಟಲೆ ಅಲ್ಲಿ ಕಸ ಸುರಿದವು. ಹಸಿ ಕಸ, ಪ್ಲಾಸ್ಟಿಕ್ ಎಲ್ಲ ಒಟ್ಟಿಗೆ ಕೊಳೆತರೆ ಅದರಿಂದ ಕಪ್ಪು ನೀರು ಇಳಿಯುತ್ತದೆ. ಮಳೆ ಬಂದರೆ ಇನ್ನೂ ಜಾಸ್ತಿ. ಅದು ಹರಿದು ಕೆರೆ ಸೇರುತ್ತದೆ, ಇಂಗಿ ಬೋರ್‌ವೆಲ್ ಸೇರುತ್ತದೆ. ನೊಣ, ವಾಸನೆ ಬೇರೆ. ಆ ಕಸದಲ್ಲಿ ಆ ಊರಿನವರದ್ದು ಎಷ್ಟಿತ್ತು ಹೇಳಿ? ಅನ್ಯಾಯ ಇರೋದು ಅಲ್ಲೇ ಅಲ್ವಾ?

2012ರಲ್ಲಿ ಮಾವಳ್ಳಿಪುರದವರು ಪಟ್ಟು ಹಿಡಿದು ಕಸ ಬರುವುದನ್ನು ನಿಲ್ಲಿಸಿದರು. ಬೆಂಗಳೂರಿನ ಬೀದಿಗಳಲ್ಲಿ ಕಸದ ಗುಡ್ಡೆ ಎದ್ದಿತು. ಅದೇ ವರ್ಷ ಆಗಿನ ನಗರ ಪಾಲಿಕೆ ಬಿಬಿಎಂಪಿ ಮನೆಯಲ್ಲೇ ಕಸ ಬೇರ್ಪಡಿಸುವುದನ್ನು ಕಡ್ಡಾಯ ಮಾಡಿತು. 2014ರಲ್ಲಿ ಮಂಡೂರಿನವರು ಬೀದಿಗಿಳಿದರು. ವರ್ಷದ ಕೊನೆಗೆ ಅಲ್ಲಿಗೂ ಕಸದ ಲಾರಿ ಬರುವುದು ನಿಂತಿತು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಡಬ್ಬ, ಒಂದು ಚೀಲದ ಪದ್ಧತಿ ಜಾರಿ ಮಾಡಲು ಹೇಳಿತು: ಹಸಿ ಕಸಕ್ಕೆ ಒಂದು ಡಬ್ಬ, ಡೈಪರ್‌ನಂಥ ಕಸಕ್ಕೆ ಇನ್ನೊಂದು, ಒಣ ಕಸಕ್ಕೆ ಚೀಲ. ಇವತ್ತು ನಾವು ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುತ್ತೇವಲ್ಲ, ಅದರ ಹಿಂದೆ ಈ ಎರಡು ಊರಿನವರ ಹಟ ಇದೆ. ಇದನ್ನು ಶಾಲೆಯಲ್ಲೇ ಮಕ್ಕಳಿಗೆ ಹೇಳಿಕೊಡಬೇಕು ಅನ್ನೋದು ನನ್ನ ಆಸೆ.

ಚಿಂದಿ ಆಯುವವರನ್ನೂ ಮರೆಯಬೇಡಿ. ಅವರಿಗೆ ಗುರುತಿನ ಚೀಟಿ, ಒಣ ಕಸ ಸಂಗ್ರಹ ಕೇಂದ್ರಗಳಲ್ಲಿ ಕೆಲಸ ಸಿಗಲು ಹಸಿರು ದಳದಂಥ ಸಂಸ್ಥೆಗಳು ತುಂಬಾ ದುಡಿದಿವೆ.

ಹಾಗಂತ ಗೆದ್ದಾಯಿತು ಅಂದುಕೊಳ್ಳಬೇಡಿ. ಮಂಡೂರು ಮುಚ್ಚಿದ ಮೇಲೆ ಬೇರ್ಪಡಿಸದ ಕಸ ಬೆಳ್ಳಹಳ್ಳಿಗೆ, ಆಮೇಲೆ ಮಿಟ್ಟಗಾನಹಳ್ಳಿಗೆ ಹೋಯಿತು. ಎರಡೂ ಹಳೇ ಕಲ್ಲು ಕ್ವಾರಿಗಳೇ. ಅವುಗಳ ಪಕ್ಕದಲ್ಲೂ ಊರುಗಳಿವೆ.