ಫ್ರೀಐಪಿಎ (ಬಳಕೆದಾರರ ಗುರುತು ಮತ್ತು ಲಾಗಿನ್ ನಿರ್ವಹಿಸುವ ತಂತ್ರಾಂಶ) ಸರ್ವರ್‌ನ ಸರ್ಟಿಫಿಕೇಟ್ ಅವಧಿ ಮುಗಿದಿಲ್ಲ, ಆದರೂ ಅದರ 'ಐಪಿಎ ಹೆಲ್ತ್‌ಚೆಕ್' ತಪಾಸಣೆಯಲ್ಲಿ 'ತಾಳೆಯಾಗುತ್ತಿಲ್ಲ' ಎಂಬ ದೋಷ ಬರುವುದೇಕೆ?

ಹೆಚ್ಚಿನ ಸಲ ಸರ್ಟಿಫಿಕೇಟ್ ಕೆಟ್ಟಿರುವುದಿಲ್ಲ. ಅದರ ಎರಡು ಪ್ರತಿಗಳು ಬೇರೆ ಬೇರೆಯಾಗಿರುತ್ತವೆ.

ಸರ್ವರ್ ನಿಜವಾಗಿ ಬಳಸುವ ಸರ್ಟಿಫಿಕೇಟ್ ಎನ್‌ಎಸ್‌ಎಸ್ ಎಂಬ ಕೀಲಿ ಸಂಗ್ರಹದಲ್ಲಿರುತ್ತದೆ. ಸರ್ಟಿಫಿಕೇಟ್‌ಗಳನ್ನು ನೀಡುವ ಡಾಗ್‌ಟ್ಯಾಗ್ ಎಂಬ ಭಾಗ ಅದರ ನಕಲನ್ನು ತನ್ನ ಸಿಎಸ್.ಸಿಎಫ್‌ಜಿ ಕಡತದಲ್ಲಿಯೂ ಬರೆದಿಟ್ಟುಕೊಂಡಿರಬಹುದು. ತಪಾಸಣೆ ಇವೆರಡನ್ನೂ ಹೋಲಿಸುತ್ತದೆ. ನವೀಕರಣವಾದಾಗ ಕಡತದ ಸಾಲು ಹಳೆಯದೇ ಉಳಿದರೆ ದೋಷ ಗ್ಯಾರಂಟಿ.

ಪುಣೆಯ ನಮ್ಮ ಕಚೇರಿಯಲ್ಲಿ ಗಣೇಶ ಚೌತಿಯ ಹಿಂದಿನ ಸಂಜೆ ಇದೇ ಆಯಿತು. ಹೊರಗೆ ಢೋಲು ಮೊಳಗುತ್ತಿತ್ತು, ಒಳಗೆ ಪರದೆಯ ಮೇಲೆ ಕೆಂಪು ಸಾಲುಗಳು. ಗಾಬರಿಯಿಂದ ಹೊಸ ಸರ್ಟಿಫಿಕೇಟ್ ಪಡೆಯಲು ಹೊರಟ ಗೆಳೆಯನನ್ನು ತಡೆದು, ಮೊದಲು ಸರ್ಟಿಫಿಕೇಟ್‌ಗಳ ಸ್ಥಿತಿ ತೋರಿಸುವ 'ಗೆಟ್‌ಸರ್ಟ್ ಲಿಸ್ಟ್' ಆದೇಶ ಕೊಡಿಸಿದೆ. ಸ್ಥಿತಿ 'ಮಾನಿಟರಿಂಗ್' (ನಿಗಾ ಇದೆ, ತೊಂದರೆಯಿಲ್ಲ) ಎಂದಿತ್ತು, ಮುಕ್ತಾಯದ ದಿನಾಂಕ ದೂರವಿತ್ತು. ಎರಡೂ ಪ್ರತಿಗಳ ಸೀರಿಯಲ್ ಸಂಖ್ಯೆ ನೋಡಿದರೆ ಕಡತದಲ್ಲಿದ್ದದ್ದು ಹಳೆಯದು.

ಕಡತದ ಪ್ರತಿ ಇಟ್ಟುಕೊಂಡು, ಡಾಗ್‌ಟ್ಯಾಗ್ ಅನ್ನು ನಡೆಸುವ ಪಿಕೆಐ ಟಾಮ್‌ಕ್ಯಾಟ್ ಸೇವೆಯನ್ನು ನಿಲ್ಲಿಸಿಯೇ ಆ ಸಾಲನ್ನು ಎನ್‌ಎಸ್‌ಎಸ್‌ನಲ್ಲಿರುವ ಪ್ರತಿಗೆ ಹೊಂದುವಂತೆ ತಿದ್ದಿ. ಸೇವೆ ನಡೆಯುತ್ತಿರುವಾಗ ತಿದ್ದಿದರೆ ಡಾಗ್‌ಟ್ಯಾಗ್ ಅದನ್ನು ಮತ್ತೆ ಅಳಿಸಿ ಬರೆಯಬಹುದು. ಎರಡೂ ಪ್ರತಿ ಒಂದೇ ಆಗಿದ್ದೂ ದೋಷ ಬಂದರೆ, ತಪಾಸಣಾ ಪ್ಯಾಕೇಜ್ ಮತ್ತು ಡಾಗ್‌ಟ್ಯಾಗ್ ಆವೃತ್ತಿಗಳು ಹೊಂದುತ್ತವೆಯೇ ಎಂದು ನೋಡಿ.